ಆಡುವವರ ಹೆಸರು ಯಾವ ಪಹಣಿಯಲ್ಲಿದೆ?

2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್‌ಗೂ ಐಎಸ್‌ಎಲ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ಮುಗಿಯುತ್ತಾ ಬಂದಿತ್ತು, ಹೊಸದು ಆಗಿರಲಿಲ್ಲ, ಲೀಗ್ ನಡೆಯುತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಜೆಎಸ್‌ಡಬ್ಲ್ಯುನಂಥ ದೊಡ್ಡ ಕಂಪನಿ ಹಿಂದಿರುವ ಕ್ಲಬ್ಬೇ ಹೀಗೆ ಕೈಚೆಲ್ಲಿತು ಅಂದಾಗ ಅಭಿಮಾನಿಗಳು ದಂಗಾದರು. ಸಾಮಾಜಿಕ ಜಾಲತಾಣದಲ್ಲಿ ಫೆಡರೇಷನ್‌ಗೆ ಬೈದರು, ಕಂಪನಿಗೆ ಬೈದರು. ಬೈಯೋದರಲ್ಲಿ ತಪ್ಪೇನಿಲ್ಲ.

ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಾಳೆ ಈ ಕ್ಲಬ್ ಬಾಗಿಲು ಹಾಕಿದರೆ ಬೆಂಗಳೂರಲ್ಲಿ ಅದರದ್ದು ಅಂತ ಏನು ಉಳಿಯುತ್ತೆ? ನೀಲಿ ಜೆರ್ಸಿಗಳು ಉಳಿಯುತ್ತವೆ. ಒಂದಷ್ಟು ಕಪ್‌ಗಳು, ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ಹಾಡುಗಳು ಉಳಿಯುತ್ತವೆ. ನೆಲ ಮಾತ್ರ ಉಳಿಯಲ್ಲ. ಯಾಕಂದ್ರೆ ನೆಲ ಅದರದ್ದಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾವು 'ನಮ್ಮ ಮನೆ' ಅಂತ ಕೂಗಿದ ಶ್ರೀ ಕಂಠೀರವ ಕ್ರೀಡಾಂಗಣ ರಾಜ್ಯ ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದ್ದು. ಕ್ಲಬ್ ಅಲ್ಲಿ ಬಾಡಿಗೆಗಿದೆ.

ನಮ್ಮ ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕನ ಹೆಸರು ಇರುತ್ತೆ. 12ನೇ ಕಾಲಂನಲ್ಲಿ ಯಾರು ಉಳುತ್ತಿದ್ದಾರೆ, ಏನು ಬೆಳೆ ಅನ್ನೋದು ಇರುತ್ತೆ. 1974ರ ಭೂಸುಧಾರಣೆಯ ಕಾಲದಲ್ಲಿ ಫಾರಂ ನಂಬರ್ 7 ಹಿಡಿದು ಭೂನ್ಯಾಯ ಮಂಡಳಿಗೆ ಅಲೆದ ಗೇಣಿದಾರರಿಗೆ ಈ ಕಾಲಂನ ಬೆಲೆ ಗೊತ್ತಿತ್ತು. ತಲೆತಲಾಂತರದಿಂದ ಉತ್ತರೂ ಕಾಗದದಲ್ಲಿ ಹೆಸರಿಲ್ಲದವನಿಗೆ ಹೊಲ ಉಳಿಸಿಕೊಳ್ಳೋದು ಕಷ್ಟವಾಯಿತು. ಕಂಠೀರವದ 9ನೇ ಕಾಲಂನಲ್ಲಿ ಸರ್ಕಾರ ಇದೆ ಅಂದುಕೊಳ್ಳಿ. 12ನೇ ಕಾಲಂ ಖಾಲಿ. ಈ ಕ್ರೀಡಾಂಗಣದ ಇತಿಹಾಸ ಅಂದರೆ ಆ ಖಾಲಿ ಕಾಲಂನ ಇತಿಹಾಸ.

ಹೆಸರು ಶ್ರೀರಂಗಪಟ್ಟಣದ್ದು

ಮೊದಲು ಹೆಸರಿನ ವಿಚಾರ. ರಣಧೀರ ಕಂಠೀರವ ನರಸರಾಜ ಒಡೆಯರ್ 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದವರು. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಕೋಟೆಗೆ ಮುತ್ತಿಗೆ ಹಾಕಿದಾಗ ಹಿಮ್ಮೆಟ್ಟಿಸಿದವರು. ತಮ್ಮ ಹೆಸರಲ್ಲಿ 'ಕಂಠೀರಾಯಿ ಹಣ' ಟಂಕಿಸಿದವರು. ಶ್ರೀರಂಗಪಟ್ಟಣದ ನರಸಿಂಹಸ್ವಾಮಿ ಗುಡಿಯಲ್ಲಿ ಅವರ ಪ್ರತಿಮೆ ಇವತ್ತಿಗೂ ಇದೆ. ಜನರ ಬಾಯಲ್ಲಿ ಅವರು ದೊಡ್ಡ ಪೈಲ್ವಾನರು. ತಿರುಚಿರಾಪಳ್ಳಿಗೆ ಮಾರುವೇಷದಲ್ಲಿ ಹೋಗಿ ಅಲ್ಲಿನ ಜಟ್ಟಿಯನ್ನು ಸೋಲಿಸಿದ ಕಥೆ ಕೇಳದವರು ನಮ್ಮ ಕಡೆ ಕಡಿಮೆ. 1960ರಲ್ಲಿ ರಾಜ್‌ಕುಮಾರ್ ನಟಿಸಿದ 'ರಣಧೀರ ಕಂಠೀರವ' ಸಿನಿಮಾ ಬಂದ ಮೇಲಂತೂ ಆ ಹೆಸರು ಮನೆಮಾತಾಯಿತು.

ಕುಸ್ತಿಪಟು ದೊರೆಯ ಹೆಸರನ್ನು ಕ್ರೀಡಾಂಗಣಕ್ಕೆ ಇಟ್ಟಿದ್ದು ಸರಿಯಾಗೇ ಇದೆ. ಹೆಸರು ನಮ್ಮೂರ ಕಡೆಯದು, ನೆಲ ಬೆಂಗಳೂರಿನದು. ಆ ನೆಲದ ಕಥೆ ಮಾತ್ರ ಯಾವ ಸಿನಿಮಾದಲ್ಲೂ ಬಂದಿಲ್ಲ.

ಮೊದಲ ಮನೆ: ಅಶೋಕನಗರ

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ. ಅದೇ ಸೆಪ್ಟೆಂಬರ್ 22ರಂದು ಮೊದಲ ಐ-ಲೀಗ್ ಪಂದ್ಯ, ಎದುರಾಳಿ ಮೋಹನ್ ಬಾಗಾನ್. ಶಾನ್ ರೂನಿ ಕ್ಲಬ್ಬಿನ ಮೊದಲ ಗೋಲು ಹೊಡೆದರು, ಪಂದ್ಯ 1-1ರಲ್ಲಿ ಮುಗಿಯಿತು. ಅದು ನಡೆದದ್ದು ಕಂಠೀರವದಲ್ಲಲ್ಲ, ಅಶೋಕನಗರದ ಬೆಂಗಳೂರು ಫುಟ್ಬಾಲ್ ಕ್ರೀಡಾಂಗಣದಲ್ಲಿ. ಎಂಟು ಸಾವಿರ ಚಿಲ್ಲರೆ ಜನ ಹಿಡಿಸುವ, ಕೃತಕ ಹುಲ್ಲು ಹಾಸಿದ, ಹಳೆಯ ಗ್ಯಾಲರಿಗಳ ಜಾಗ ಅದು. ಕರ್ನಾಟಕ ರಾಜ್ಯ ಫುಟ್ಬಾಲ್ ಸಂಸ್ಥೆಯ ಮನೆ. ಮೊದಲ ವರ್ಷವೇ ಕ್ಲಬ್ ಐ-ಲೀಗ್ ಗೆದ್ದಿತು. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗದ ಹೆಸರೇ ಕೂರುವ ಬ್ಲಾಕಿನಿಂದ ಬಂದದ್ದು.

ಆದರೆ ಈ ಕ್ಲಬ್ ಬರುವುದಕ್ಕೆ ಮುಂಚೆ ಬೆಂಗಳೂರಲ್ಲಿ ಫುಟ್ಬಾಲ್ ಇರಲಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಯ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಸೇನಾ ತಂಡಗಳೇ ಹೊತ್ತೊಯ್ಯುತ್ತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಅದು. 1938ರಲ್ಲಿ ಮತ್ತೆ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಮೈಸೂರು ತಂಡದ ಆಟಗಾರ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬರಿಗಾಲಲ್ಲಿ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು, ಆಮೇಲೆ ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ನಲ್ಲಿ ದಂತಕಥೆಯಾದರು. 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತ ತಂಡದಲ್ಲಿ ಕೆಂಪಯ್ಯ ಇದ್ದರು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು, ಕೊನೆಯದು 1968-69ರಲ್ಲಿ. ಮುಂದಿನ ಗೆಲುವಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಕಪ್ ತಂದಿತು. ಆ ಫೈನಲ್ ನಡೆದದ್ದು ಎಲ್ಲಿ ಗೊತ್ತಾ? ಸೌದಿಯ ರಿಯಾದ್‌ನಲ್ಲಿ.

ಇವರೆಲ್ಲ ಬಂದದ್ದು ಹಲಸೂರು, ಆಸ್ಟಿನ್ ಟೌನ್, ಗೌತಮಪುರದಂಥ ಬಡ ಬಡಾವಣೆಗಳ ಬಯಲುಗಳಿಂದ. ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆ ಇದೆ. ಈ ಊರಿನ ಫುಟ್ಬಾಲನ್ನು ದಂಡು ಪ್ರದೇಶದ ದಲಿತರು, ಮುಸ್ಲಿಮರು, ಕ್ರೈಸ್ತರು, ತಮಿಳು ಕಾರ್ಮಿಕರ ಮಕ್ಕಳು ಕಟ್ಟಿದರು. ಅವರಿಗೆ ಬಯಲಿತ್ತು, ಕಾಗದ ಇರಲಿಲ್ಲ.

ಮತ್ತೆ ಆ ಅಶೋಕನಗರದ ಕ್ರೀಡಾಂಗಣ ಇರುವ ಜಾಗ ಹಿಂದೆ ಏನಾಗಿತ್ತು? ಶೂಲೆ ಕೆರೆ. ಬೆಂಗಳೂರಿನ ಕಳೆದುಹೋದ ಕೆರೆಗಳ ಪಟ್ಟಿ ತೆಗೆದು ನೋಡಿ, ಅರ್ಧ ನಗರವೇ ಅದರಲ್ಲಿ ಸಿಗುತ್ತೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಯಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣ ಆಯಿತು. ಶೂಲೆ ಕೆರೆ ಫುಟ್ಬಾಲ್ ಕ್ರೀಡಾಂಗಣ ಆಯಿತು. ಸಂಪಂಗಿ ಕೆರೆ ಕಂಠೀರವ ಆಯಿತು. 2014ರಲ್ಲಿ ಬೆಂಗಳೂರು ಎಫ್‌ಸಿ ಮನೆ ಬದಲಿಸಿದಾಗ ಒಂದು ಕೆರೆ ಅಂಗಳದಿಂದ ಇನ್ನೊಂದು ಕೆರೆ ಅಂಗಳಕ್ಕೆ ಹೋಯಿತು, ಅಷ್ಟೇ.

ಎರಡನೇ ಮನೆ: ಸಂಪಂಗಿ ಕೆರೆ

ಸಂಪಂಗಿ ಕೆರೆ ಕೆಂಪೇಗೌಡರ ಕಾಲದ್ದು ಅನ್ನೋದು ರೂಢಿಯ ಮಾತು. 19ನೇ ಶತಮಾನದಲ್ಲಿ ಅದು ಎರಡು ಬೆಂಗಳೂರುಗಳ ಗಡಿಯಲ್ಲಿತ್ತು. ಒಂದು ಕಡೆ ಮೈಸೂರು ಸಂಸ್ಥಾನದ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು. ಕೆರೆಯ ಸುತ್ತ ತಿಗಳ ಸಮುದಾಯದವರು ಹೂವು, ಸೊಪ್ಪು, ತರಕಾರಿ ಬೆಳೆಯುತ್ತಿದ್ದರು. ಮೀನು ಹಿಡಿಯುವವರಿದ್ದರು, ದನ ಮೇಯಿಸುವವರಿದ್ದರು, ಕೆರೆ ಮಣ್ಣಿನಲ್ಲಿ ಇಟ್ಟಿಗೆ ಮಾಡುವವರಿದ್ದರು.

ಕೆರೆಗೆ ಕುತ್ತು ಬಂದದ್ದು ನಲ್ಲಿ ನೀರಿನಿಂದ. 1890ರ ದಶಕದಲ್ಲಿ ಹೆಸರಘಟ್ಟದಿಂದ, ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಕೊಳವೆಯಲ್ಲಿ ನೀರು ಬಂತು. ಊರಿಗೆ ಕುಡಿಯಲು ಕೆರೆ ಬೇಕಾಗಲಿಲ್ಲ. ಬೇಡವಾದ ಕೆರೆ ಅಧಿಕಾರಿಗಳ ಕಣ್ಣಿಗೆ ಸೊಳ್ಳೆ ಹುಟ್ಟುವ ಗುಂಡಿಯಾಗಿ, ಖಾಲಿ ಜಾಗವಾಗಿ ಕಂಡಿತು. ಅಲ್ಲಿ ತೋಟ ಮಾಡುವವರಿಗೆ, ದನ ಕಟ್ಟಿದವರಿಗೆ ಅದು ಖಾಲಿ ಜಾಗವಾಗಿರಲಿಲ್ಲ. 1930ರ ದಶಕ ಮುಗಿಯುವ ಹೊತ್ತಿಗೆ ಕೆರೆ ಹೋಗಿತ್ತು. ಉಳಿದದ್ದು ಮೂಲೆಯ ಒಂದು ಸಣ್ಣ ಕೊಳ. ಅದೂ ಉಳಿದದ್ದು ಕರಗದ ದೆಸೆಯಿಂದ. ಧರ್ಮರಾಯ ಸ್ವಾಮಿ ಗುಡಿಯ ಕರಗದ ಆಚರಣೆಗೆ ಸಂಪಂಗಿ ಕೆರೆಯ ನೀರು ಬೇಕು. ಅದಕ್ಕೇ ಕ್ರೀಡಾಂಗಣದ ಪಕ್ಕ ಆ ಕೊಳ ಇವತ್ತಿಗೂ ಇದೆ, ಬಡಾವಣೆಗೆ ಸಂಪಂಗಿರಾಮನಗರ ಅನ್ನೋ ಹೆಸರಿದೆ.

ತಿಗಳರ ಕಸುಬಿಗೆ ಕಾಗದದ ಹಕ್ಕು ಇರಲಿಲ್ಲ, ಕಸುಬು ಹೋಯಿತು. ಅವರ ಹಬ್ಬಕ್ಕೆ ಊರಿನ ಒಪ್ಪಿಗೆ ಇತ್ತು, ಹಬ್ಬ ಉಳಿಯಿತು. ಈ ಮಾತನ್ನು ಫುಟ್ಬಾಲ್ ಅಭಿಮಾನಿಗಳು ನೆನಪಿಟ್ಟುಕೊಂಡರೆ ಒಳ್ಳೆಯದು.

ಓಡುವವರು, ಒದೆಯುವವರು

ಇವತ್ತಿನ ಕಂಠೀರವದಲ್ಲಿ ಸುಮಾರು 25,000 ಜನ ಕೂರಬಹುದು. ನಡುವೆ ಹುಲ್ಲಿನ ಅಂಗಳ, ಸುತ್ತ ಸಿಂಥೆಟಿಕ್ ಟ್ರ್ಯಾಕ್. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದದ್ದು ಇಲ್ಲೇ. ಮೂಲತಃ ಇದು ಅಥ್ಲೆಟಿಕ್ಸ್ ಜಾಗ. ಬೆಳಗಿನ ಜಾವ ಐದಕ್ಕೆ ಹೋದರೆ ಜಿಲ್ಲೆಗಳಿಂದ ಬಂದು ಪೀಜಿಯಲ್ಲಿದ್ದು ಓಟ ಕಲಿಯುವ ಹುಡುಗ ಹುಡುಗಿಯರು ಕಾಣ್ತಾರೆ. ಮಂಡ್ಯ, ಹಾಸನ, ಕೊಡಗಿನ ಮಕ್ಕಳಿಗೆ ನಗರದ ನಡುವೆ ಇರುವ ಇಂಥ ಟ್ರ್ಯಾಕ್ ದೊಡ್ಡ ಆಸರೆ.

ಅಲ್ಲಿಗೆ 2014ರಲ್ಲಿ ಫುಟ್ಬಾಲ್ ಬಂತು. ದೊಡ್ಡ ಸಂಭ್ರಮಗಳೂ ಬಂದವು. 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೋಹೋರ್ ತಂಡವನ್ನು 3-1ರಲ್ಲಿ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆದ ರಾತ್ರಿ, 2023ರ ಜುಲೈನಲ್ಲಿ ಭಾರತ ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ಸ್ಯಾಫ್ ಕಪ್ ಗೆದ್ದ ರಾತ್ರಿ, ಎಲ್ಲ ಇಲ್ಲೇ.

ಆದರೆ ಒಂದೇ ಅಂಗಳದಲ್ಲಿ ಎರಡು ಆಟ ಹೊಂದಿಸೋದು ಸುಲಭವಲ್ಲ. ಫುಟ್ಬಾಲ್ ಹುಲ್ಲಿಗೆ ಮಟ್ಟಸವಾದ ನೆಲ, ವಿಶ್ರಾಂತಿ ಬೇಕು. ಜಾವೆಲಿನ್, ಡಿಸ್ಕಸ್, ಹ್ಯಾಮರ್ ಬಿದ್ದರೆ ಅದೇ ಹುಲ್ಲಿನಲ್ಲಿ ಗುಂಡಿ. ಪಂದ್ಯದ ದಿನ, ಅದರ ಹಿಂದಿನ ತಯಾರಿಯ ದಿನ ಓಟಗಾರರಿಗೆ ಗೇಟು ಮುಚ್ಚುತ್ತೆ. ಜಾಹೀರಾತು ಫಲಕ, ಕ್ಯಾಮೆರಾ, ವಾಹನಗಳಿಂದ ಟ್ರ್ಯಾಕ್ ಸವೆಯುತ್ತೆ. ಫುಟ್ಬಾಲ್ ನೋಡುವವರಿಗೂ ಟ್ರ್ಯಾಕ್ ಅಡ್ಡ, ಆಟಗಾರರು ದೂರದಲ್ಲಿ ಇರುವೆಯಂತೆ ಕಾಣ್ತಾರೆ. ಕೊನೆಗೆ ಅಥ್ಲೆಟಿಕ್ಸ್ ಕಡೆಯವರು ಹೈಕೋರ್ಟಿಗೆ ಹೋದರು. ಐಎಸ್‌ಎಲ್ ಚಾಂಪಿಯನ್ ಆಗಿದ್ದ ಕ್ಲಬ್ 2019ರಲ್ಲಿ ಊರು ಬಿಟ್ಟು ಪುಣೆಯಲ್ಲಿ ಆಡಬೇಕಾದೀತು ಅನ್ನೋ ಮಾತೂ ಬಂತು. ಆಮೇಲೆ ಏನೋ ಹೊಂದಾಣಿಕೆಯಾಗಿ ಪಂದ್ಯಗಳು ಕಂಠೀರವದಲ್ಲೇ ನಡೆದವು.

ಆಗ ನಾವು ಅಭಿಮಾನಿಗಳು ಏನು ಮಾಡಿದ್ವಿ? ಓಟಗಾರರನ್ನು ಶತ್ರುಗಳಂತೆ ನೋಡಿದ್ವಿ. 'ನಾವು ಗ್ಯಾಲರಿ ತುಂಬಿಸ್ತೀವಿ, ನಿಮ್ಮನ್ನು ನೋಡೋಕೆ ಯಾರು ಬರ್ತಾರೆ' ಅಂದ್ವಿ. ನಾನೂ ಅಂದವನೇ. ಈಗ ನಾಚಿಕೆಯಾಗುತ್ತೆ. 2025ರ ಜುಲೈ 5ರಂದು ಅದೇ ಕಂಠೀರವದಲ್ಲಿ ನೀರಜ್ ಚೋಪ್ರಾ ಕ್ಲಾಸಿಕ್ ಜಾವೆಲಿನ್ ಕೂಟ ನಡೆಯಿತು. ನೀರಜ್ 86.18 ಮೀಟರ್ ಎಸೆದು ಗೆದ್ದರು. ಜನ ಕಿಕ್ಕಿರಿದು ಬಂದಿದ್ದರು. ಆ ಕೂಟದ ಆಯೋಜನೆಯಲ್ಲಿ ಕೈಜೋಡಿಸಿದ್ದು ಯಾರು? ಜೆಎಸ್‌ಡಬ್ಲ್ಯು ಸ್ಪೋರ್ಟ್ಸ್. ಅಂದರೆ ಕಂಪನಿಗೆ ಫುಟ್ಬಾಲ್ ಒಂದು ದಿನ, ಜಾವೆಲಿನ್ ಇನ್ನೊಂದು ದಿನ. ಜಗಳ ಆಡಿದ್ದು ಮಾತ್ರ ಬಾಡಿಗೆದಾರರಾದ ನಾವು ನಾವೇ.

ಮಾಲೀಕ ಬೇಕಾದಾಗ ಬರ್ತಾನೆ

ಇನ್ನು ಮಾಲೀಕರ ವಿಚಾರ. 2013ರ ಮೇ 13ರಂದು ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ಕಂಠೀರವದಲ್ಲಿ. 2023ರ ಮೇ 20ರಂದು ಎರಡನೇ ಸಲವೂ ಅಲ್ಲೇ. 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ಅವರ, 2021ರ ಅಕ್ಟೋಬರ್‌ನಲ್ಲಿ ಪುನೀತ್ ಅವರ ಅಂತಿಮ ದರ್ಶನಕ್ಕೆ ಜನ ಹರಿದು ಬಂದದ್ದೂ ಅಲ್ಲಿಗೇ. ಅಪ್ಪುವನ್ನು ನೋಡಲು ನಮ್ಮ ಊರುಗಳಿಂದ ರಾತ್ರೋರಾತ್ರಿ ಟೆಂಪೋ ಮಾಡಿಕೊಂಡು ಹೋದವರಿದ್ದಾರೆ.

ಇದನ್ನು ತಪ್ಪು ಅನ್ನಲಾರೆ. ಒಂದು ರಾಜ್ಯ ಸೇರಿ ಅಳಲು, ಸಂಭ್ರಮಿಸಲು ನಡು ಊರಲ್ಲಿ ಒಂದು ಬಯಲು ಬೇಕು. ಹಾಗಾಗಿಯೇ ಕಂಠೀರವ ಖಾಸಗಿಯವರ ಕೈಗೆ ಹೋಗಬಾರದು ಅಂತ ನಾನು ವಾದಿಸ್ತೀನಿ. ಆದರೆ ಸಾರ್ವಜನಿಕ ಆಸ್ತಿ ಅಂದಮೇಲೆ ಅದನ್ನು ಯಾರಿಗೆ, ಯಾವಾಗ, ಎಷ್ಟಕ್ಕೆ, ಯಾವ ಲೆಕ್ಕದಲ್ಲಿ ಕೊಡ್ತಾರೆ ಅನ್ನೋದೂ ಸಾರ್ವಜನಿಕವಾಗಿ ಇರಬೇಕಲ್ಲವೇ?

ಎಂಜಿನಿಯರಿಂಗ್ ಓದಿದವರಿಗೆ ಇದು ಮೊದಲ ವರ್ಷದ ಲೆಕ್ಕ. ಸಂಪನ್ಮೂಲ ಒಂದು, ಬಳಸುವವರು ಹಲವರು. ಯಾರಿಗೆ ಆದ್ಯತೆ ಅನ್ನೋ ನಿಯಮ ಮೊದಲೇ ಬರೆದಿಡದಿದ್ದರೆ ಜೋರಾಗಿ ಕೂಗುವವನಿಗೆ, ಇಲ್ಲ ಮಾಲೀಕನಿಗೆ ಹತ್ತಿರ ಇರುವವನಿಗೆ ಸಿಗುತ್ತೆ. ನೂರು ವರ್ಷದ ಹಿಂದೆ ತಿಗಳರು ಸೋತರು. ಆಮೇಲೆ ಓಟಗಾರರು. ಲೀಗ್ ಇಲ್ಲದ ವರ್ಷ ಬಂದರೆ ಸೋಲುವ ಸರದಿ ಫುಟ್ಬಾಲ್‌ನವರದ್ದು.

'ಹಾಗಾದರೆ ಕ್ಲಬ್ಬಿಗೆ ಸ್ವಂತ ಕ್ರೀಡಾಂಗಣ ಕಟ್ಟಿಸಿ' ಅಂತ ಬಹಳ ಜನ ಹೇಳ್ತಾರೆ. ಕೇಳೋಕೆ ಚೆನ್ನಾಗಿದೆ. ಎಲ್ಲಿ ಕಟ್ಟೋದು? ನಗರದ ನಡುವೆ ಮುಚ್ಚೋಕೆ ಇನ್ನು ಕೆರೆ ಉಳಿದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ, ಆನೇಕಲ್ ಕಡೆ ಸೂರ್ಯನಗರದಲ್ಲಿ 80,000 ಆಸನಗಳ ಕ್ರಿಕೆಟ್ ಕ್ರೀಡಾಂಗಣದ ಯೋಜನೆಗೆ ವೇಗ ಬಂತು. ಗೌತಮಪುರದ ಹುಡುಗ ಎರಡು ಬಸ್ ಬದಲಿಸಿ ಅಷ್ಟು ದೂರ ಫುಟ್ಬಾಲ್ ನೋಡೋಕೆ ಹೋಗ್ತಾನಾ?

ನೆಲ ಸ್ವಂತ ಇರಲೇಬೇಕು ಅಂತಲೂ ಇಲ್ಲ. ಕೋಲ್ಕತ್ತಾದ ಮೈದಾನ ಸೇನೆಯ ಸುಪರ್ದಿಯಲ್ಲಿದೆ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಕ್ಲಬ್‌ಗಳು ತಲೆಮಾರುಗಳಿಂದ ಅದೇ ಜಾಗದಲ್ಲಿ ಟೆಂಟ್ ಹಾಕಿಕೊಂಡು, ಗ್ಯಾಲರಿ ಕಟ್ಟಿಕೊಂಡು ಬದುಕಿವೆ. ಮಿಲಾನ್‌ನ ಸ್ಯಾನ್ ಸಿರೋ ಕ್ರೀಡಾಂಗಣ 2025ರವರೆಗೆ ನಗರಸಭೆಯದ್ದಾಗಿತ್ತು, ಎರಡು ಎದುರಾಳಿ ಕ್ಲಬ್‌ಗಳು ದಶಕಗಳ ಕಾಲ ಹಂಚಿಕೊಂಡು ಆಡಿದವು. 2025ರಲ್ಲಿ ಅದನ್ನು ಕ್ಲಬ್‌ಗಳಿಗೆ ಮಾರುವ ಪ್ರಶ್ನೆ ಬಂದಾಗ ನಗರಸಭೆಯಲ್ಲಿ ರಾತ್ರಿಯಿಡೀ ಚರ್ಚೆಯಾಗಿ ಮತಕ್ಕೆ ಹಾಕಿದರು. ಪರ ವಿರೋಧ ಏನೇ ಇರಲಿ, ಜನಪ್ರತಿನಿಧಿಗಳು ಬಹಿರಂಗವಾಗಿ ತೀರ್ಮಾನಿಸಿದರು.

ಕೇಳಬೇಕಾದ್ದು ನಾಲ್ಕೇ

ಆದ್ದರಿಂದ ಕೇಳಬೇಕಾದ್ದು ಸ್ವಂತ ಮನೆಯಲ್ಲ, ಕಾಗದದ ಮೇಲೆ ಹೆಸರು. ಒಂದು, ಕಂಠೀರವದ ವರ್ಷದ ವೇಳಾಪಟ್ಟಿಯನ್ನು ಕ್ರೀಡಾ ಇಲಾಖೆ ಮುಂಚಿತವಾಗಿ ಪ್ರಕಟಿಸಲಿ: ತರಬೇತಿಗೆ ಎಷ್ಟು ದಿನ, ಪಂದ್ಯಕ್ಕೆ ಎಷ್ಟು ದಿನ, ಸಮಾರಂಭಕ್ಕೆ ಎಷ್ಟು ದಿನ. ಎರಡು, ಬಾಡಿಗೆ ಎಷ್ಟು ಬಂತು, ಅದರಲ್ಲಿ ಟ್ರ್ಯಾಕ್ ಮತ್ತು ಹುಲ್ಲಿಗೆ ಎಷ್ಟು ಖರ್ಚಾಯಿತು ಅನ್ನೋದನ್ನು ಆರ್‌ಟಿಐ ಹಾಕದೆಯೇ ಓದುವಂತಾಗಲಿ. ಮೂರು, ತೀರ್ಮಾನ ಮಾಡುವ ಸಮಿತಿಯಲ್ಲಿ ಓಟಗಾರರು, ಫುಟ್ಬಾಲ್ ಆಟಗಾರರು, ಸಂಪಂಗಿರಾಮನಗರದ ನಿವಾಸಿಗಳು ಇರಲಿ. ನಾಲ್ಕು, ದೊಡ್ಡ ಕ್ಲಬ್‌ಗಿಂತ ಮೊದಲು ಅಶೋಕನಗರದ ಹಳೆಯ ಕ್ರೀಡಾಂಗಣವನ್ನೂ ಬಡಾವಣೆಗಳ ಬಯಲುಗಳನ್ನೂ ದುರಸ್ತಿ ಮಾಡಲಿ. ರಾಜ್ಯ ಲೀಗ್‌ನ ಸಣ್ಣ ಕ್ಲಬ್‌ಗಳು ಆಡೋದು ಅಲ್ಲಿ. ಕಂಪನಿಗಳು ಬಂದು ಹೋಗ್ತವೆ, ಈ ಕ್ಲಬ್‌ಗಳು ಸಂಬಳವಿಲ್ಲದೆಯೂ ಆಡಿದವು.

ಇದು ಬೆಂಗಳೂರಿನವರ ತಲೆನೋವು, ನಮಗೇನು ಅಂತ ಕೆ.ಆರ್. ಪೇಟೆ, ಪಾಂಡವಪುರ, ನಾಗಮಂಗಲದ ಗೆಳೆಯರು ಅನ್ನಬಹುದು. ಹಾಗಿಲ್ಲ ಕಣ್ರಪ್ಪ. ನಿಮ್ಮ ಹತ್ತಿರದ ತಾಲೂಕು ಕ್ರೀಡಾಂಗಣದ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ, ಆಗಸ್ಟ್ 15 ಮತ್ತು ನವೆಂಬರ್ 1 ಬಿಟ್ಟು ಉಳಿದ ದಿನ ಯಾರಿಗೆ ತೆರೆಯುತ್ತೆ, ಹೆಣ್ಣುಮಕ್ಕಳು ಸಂಜೆ ಅಲ್ಲಿ ಓಡಬಹುದಾ ಅಂತ ಒಮ್ಮೆ ವಿಚಾರಿಸಿ ನೋಡಿ. ಅಲ್ಲೂ 9ನೇ ಕಾಲಂ ತುಂಬಿರುತ್ತೆ, 12ನೇ ಕಾಲಂ ಖಾಲಿ ಇರುತ್ತೆ.

ಕಿಕ್ಕೇರಿಯಲ್ಲಿ ಹೊಯ್ಸಳರ ಕಾಲದ ಬ್ರಹ್ಮೇಶ್ವರ ಗುಡಿ ಇದೆ, ಊರ ಕೆರೆ ಇನ್ನೂ ಕೆರೆಯಾಗೇ ಇದೆ. ಅದು ಉಳಿದದ್ದು ಯಾವ ದೊರೆಯ ಹೆಸರಿನಿಂದಲೂ ಅಲ್ಲ. ತೂಬು ಎತ್ತುವಾಗ ಯಾರ ಗದ್ದೆಗೆ ಮೊದಲು ನೀರು, ಯಾರಿಗೆ ಆಮೇಲೆ ಅಂತ ನಮ್ಮ ಊರುಗಳಲ್ಲಿ ಸರದಿ ಇರುತ್ತೆ, ಸರದಿ ತಪ್ಪಿಸಿದವನನ್ನು ಕೇಳುವ ಜನ ಇರ್ತಾರೆ. ಸಂಪಂಗಿ ಕೆರೆಗೆ ಕೊನೆಗಾಲದಲ್ಲಿ ಆ ಜನ ಇರಲಿಲ್ಲ. ಅದರ ಅಂಗಳದಲ್ಲಿ ಎದ್ದ ಕ್ರೀಡಾಂಗಣಕ್ಕಾದರೂ ಇರಲಿ. ಮುಂದಿನ ಸಲ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗುವಾಗ, ಬೆಳಗ್ಗೆ ಅದೇ ನೆಲದಲ್ಲಿ ಓಡಿ ಹೋದ ಮಂಡ್ಯದ ಹುಡುಗಿಯ ಸರದಿಯನ್ನೂ ಸೇರಿಸಿ ಕೂಗೋಣ.